ಎಡ ಮಗ್ಗುಲು

ಜಮಖಂಡಿಯಿಂದ ಬಂದ ಮೊದಲ ವಾರ,
ಮಂಡ್ಯದ ಹೆಂಗಸರ ವಾರ್ಡಿನ ಹನ್ನೊಂದನೇ ಮಂಚದ ಬಳಿ ನಿಂತು
ಕೇಳಿದ್ದೆ: ‘ದಮ್ಮು ಹತ್ತತೈತೇನ್ರೀ?’
‘ಅಯ್ಯೋ, ಬೀಡಿ ಗೀಡಿ ಮುಟ್ಟಾಕಿಲ್ಲ ಕಣಪ್ಪ ನಾನು’
ಅಂದಳು ನಿಂಗಾಜಮ್ಮ.
ಪಕ್ಕದ ಮಂಚ ನಕ್ಕಿತು, ಅದರಾಚೆಯದೂ ನಕ್ಕಿತು,
ಬೆಡ್‌ಪ್ಯಾನ್ ಹಿಡಿದು ನಿಂತ ಆಯಾ ಕೂಡ.

ಶಾಹೀನ್ ಮೇಡಂ ನಗಲಿಲ್ಲ.
‘ಪುಸ್ತಕ ಬದಿಗಿಡು. ಮಧ್ಯಾಹ್ನದವರೆಗೂ
ಇವರ ಹತ್ತಿರ ಕೂತು ಮಾತು ಕಲಿ. ಆಮೇಲೆ ಎದೆ.’

ಕಲಿತೆ.
ಉಸ್ರು ಕಟ್ಟೋದು ಬೇರೆ, ಮೇಲುಸ್ರು ಬೇರೆ.
‘ಒಸಿ ಸುಸ್ತು’ ಅಂದರೆ ಒಸಿ ಅಲ್ಲ:
ಎರಡು ಬಿಂದಿಗೆ ಹೊರುತ್ತಿದ್ದವಳು ಒಂದಕ್ಕೆ ಇಳಿದಿದ್ದಾಳೆ,
ಆ ಒಂದನ್ನೂ ನಡುದಾರಿಯ ಕಲ್ಲಿನ ಮೇಲಿಟ್ಟು ನಿಲ್ಲುತ್ತಾಳೆ.
ರಾತ್ರಿ ಎಷ್ಟು ದಿಂಬು? ದಿಂಬೇ ಇಲ್ಲ,
ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಾಳೆ.
ಒಂಬತ್ತನೇ ವಯಸ್ಸಲ್ಲಿ ಮಂಡಿ ಊದಿ, ಅದಿಳಿದು ಮೊಣಕೈ ಊದಿ
ಜ್ವರ ಬಂದಿತ್ತಂತೆ. ‘ಯಾರೋ ಕಣ್ಣಾಕವ್ರೆ ಅಂತ
ತಾಯತ ಕಟ್ಸುದ್ರು. ಊತ ಇಳೀತು.’
ಕೀಲಿನಿಂದ ಇಳಿಯಿತು. ಎದೆಯಲ್ಲಿ ಕೂತಿತು.

ಆಮೇಲೆ ಎದೆ.
ನಾನು ಬಾಯಿ ತೆರೆಯುವ ಮೊದಲೇ
ಎಡ ಮಗ್ಗುಲಿಗೆ ಹೊರಳಿದಳು.
ಎರಡು ವಾರದಲ್ಲಿ ನಲವತ್ತು ಕೈ ಕಂಡವಳು,
ಉಸಿರು ಬಿಟ್ಟು, ತಡೆದು, ಕಣ್ಣಲ್ಲೇ ಅಂದಳು: ಇಡು.
ಇಟ್ಟೆ.
ಹೊರಗೆ ಕಬ್ಬಿನ ಲಾರಿ ಹೋಯಿತು.
ಕಿವಿಯಲ್ಲಿ ನನ್ನದೇ ನಾಡಿ.
ಸುತ್ತ ಆರು ಜನ, ನನಗಿಂತ ಕಿರಿಯರೂ ಇದ್ದರು.
‘ಕೇಳಿಸ್ತು ಮೇಡಂ. ಗುಡುಗುಡು ಅಂತದೆ.’

ಅವರು ನನ್ನ ಸ್ಟೆತಸ್ಕೋಪು ತಗೊಂಡು
ತುದಿಯ ಬಿಲ್ಲೆಯನ್ನು ಒಮ್ಮೆ ತಿರುಗಿಸಿದರು. ಟಕ್.
‘ಗಂಟೆ ಮುಚ್ಚಿತ್ತು’ ಅಂದರು, ನನಗೊಬ್ಬನಿಗೇ ಕೇಳುವಷ್ಟು.
ಮತ್ತೆ ಕೊಟ್ಟರು.
ಆಗ ಕೇಳಿಸಿತು. ಎರಡು ಗದ್ದೆಯಾಚೆ
ನಡುರಾತ್ರಿ ಆಲೆಮನೆಯ ಗಾಣ ತಿರುಗುವ ಹಾಗೆ,
ಕೇಳಿತೋ ನೆನಪಾಯಿತೋ ಗೊತ್ತಾಗದ ಹಾಗೆ.

ಎಂಟು ವರ್ಷವಾಯಿತು. ಯಾರ ಬೈಗುಳವೂ
ಆ ಟಕ್‌ನಷ್ಟು ನನ್ನ ಬೆನ್ನು ಹತ್ತಿಲ್ಲ.

ಇವತ್ತು ಪರೀಕ್ಷೆ. ಈಗ ಕುರ್ಚಿ ನನ್ನದು.
ನಿಂಗಾಜಮ್ಮ ಬಸರಾಳು ಬಸ್ಸಿಗೆ ಬಂದಿದ್ದಾಳೆ,
ಪ್ರತಿ ವರ್ಷದ ಹಾಗೆ: ಬಸ್ ಚಾರ್ಜು, ಉಪ್ಪಿಟ್ಟು, ಇನ್ನೂರು ರೂಪಾಯಿ.
‘ಮುಂದಿನ್ ಸಲ, ಮುಂದಿನ್ ಸಲ’ ಎನ್ನುತ್ತಿದ್ದವಳು
ಕೊನೆಗೂ ಮೈಸೂರಿಗೆ ಹೋಗಿ ಕವಾಟಕ್ಕೆ ಬಲೂನು ಹಾಕಿಸಿಕೊಂಡಿದ್ದಾಳೆ.
‘ಈಗ ಎರಡು ಬಿಂದಿಗೆ, ಡಾಕ್ಟ್ರೇ’ ಅಂದವಳು
ತಕ್ಷಣ ದನಿ ತಗ್ಗಿಸಿದಳು:
‘ಸದ್ದು ಕಮ್ಮಿಯಾಗೋಗದೆ ಅಂತವ್ರೆ.
ಹೈಕ್ಳು ಫೇಲಾದ್ರೆ ಪಾಪ ನಂಗ್ ಬರಾಕಿಲ್ವಾ?’

ಹನ್ನೆರಡನೇ ನಂಬರಿನ ಹುಡುಗಿ ಬಂದಳು,
ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡಳು.
ನಿಂಗಾಜಮ್ಮ ಹೊರಳಿದಳು,
ಇಲ್ಲದ ಸದ್ದನ್ನು ಅಂಚಿಗೆ ತಳ್ಳಿ ಕೊಡುವವಳಂತೆ
ಇನ್ನಷ್ಟು, ಇನ್ನಷ್ಟು ಎಡಕ್ಕೆ.
ತುಟಿ ಮಾತ್ರ ಆಡುತ್ತಿತ್ತು: ಕೆಳಕ್ಕೆ, ಒಸಿ ಕೆಳಕ್ಕೆ.
ನಾನು ಕಿಟಕಿ ನೋಡಿದೆ.
ದಾವಣಗೆರೆಯಿಂದ ಬಂದ ಹಿರಿಯ ಪರೀಕ್ಷಕರು ಗಡಿಯಾರ ನೋಡಿದರು.

‘ಕೇಳಿಸಲಿಲ್ಲ ಸರ್.’
ಅವಳ ಕೈ ನಡುಗುತ್ತಿತ್ತು. ಬಿಲ್ಲೆ ನೋಡಿದೆ:
ಗಂಟೆ ತೆರೆದೇ ಇತ್ತು.
‘ಮೊದಲ ಶಬ್ದ ಮಾತ್ರ ಜೋರು. ಆದರೆ ಸರ್,
ಬಲ ತೊಡೆಸಂದಿನಲ್ಲಿ ಸೂಜಿ ಹೋದ ಗುರುತಿದೆ.
ಇವರು ರಾತ್ರಿ ಮಲಗಿ ನಿದ್ದೆ ಮಾಡುತ್ತಾರಂತೆ, ಈಗ.’
ಆ ‘ಈಗ’ದ ಮುಂದೆ ಅವಳು ನಿಂತಳು.
ನಾವೂ ನಿಂತೆವು.

ಸಂಜೆ ಗೇಟಿನ ಹತ್ತಿರ
ಉಪ್ಪಿಟ್ಟಿನ ಪೊಟ್ಟಣ ಮಡಿಲಿಗೆ ಕಟ್ಟಿಕೊಂಡು ಕಾಯುತ್ತಿದ್ದಳು.
‘ಆ ಹೆಣ್ಮಗು?’
ಹೇಳುವ ಹಾಗಿಲ್ಲ. ಬಸ್ಸು ಬಂತು ನೋಡಿ, ಅಂದೆ.
ಬಂದಿರಲಿಲ್ಲ.
ಆದರೂ ತಲೆಯಾಡಿಸಿದಳು,
ತಿಳಿಯಬೇಕಾದ್ದು ತಿಳಿದವಳ ಹಾಗೆ.